ಸೂರಿನ ಋಣ

ಅನ್ನ, ಅರಿವೆ, ಆಶ್ರಯ ಈ ಮೂರು ಮಾನವ ಜೀವನದ ಮೂಲ ಅವಶ್ಯಕತೆಗಳೆಂಬುದನ್ನು ಮಕ್ಕಳ ಪಠ್ಯಪುಸ್ತಕದಿಂದ ಮೊದಲ್ಗೊಂಡು ಅರ್ಥಶಾಸ್ತ್ರದ ಉದ್ಗ್ರಂಥಗಳವರೆಗೆ ಎಲ್ಲವೂ ಹೇಳುತ್ತವೆ. ಆದರೆ ಈ ಮೂರನ್ನೂ ನಾವು ಒಂದೇ ದೃಷ್ಟಿಯಿಂದ ನೋಡುವುದಿಲ್ಲ. ಹಸಿದು ಬಂದವನಿಗೆ ಒಂದು ತುತ್ತು ಅನ್ನ ನೀಡುವುದು ನಮ್ಮ ನಾಡಿನಲ್ಲಿ ಸಹಜಧರ್ಮ. ಚಳಿಯಲ್ಲಿ ನಡುಗುವವನಿಗೆ ಹಳೆಯ ಹೊದಿಕೆಯನ್ನಾದರೂ ಕೊಡುವ ಮನಸ್ಸು ಸಾಮಾನ್ಯನಿಗೂ ಉಂಟು. ಆಶ್ರಯದ ಮಾತು ಬಂದಾಗ ಮಾತ್ರ ನಮ್ಮ ಔದಾರ್ಯ ಹೊಸ್ತಿಲಲ್ಲಿಯೇ ನಿಂತುಬಿಡುತ್ತದೆ. ಇದಕ್ಕೆ ಕಾರಣವೂ ಇದೆ. ಅನ್ನವನ್ನು ಉಂಡವನು ಎದ್ದು ಹೋಗುತ್ತಾನೆ, ಸೂರನ್ನು ಪಡೆದವನು ನೆರೆಯವನಾಗಿ ಉಳಿಯುತ್ತಾನೆ. ಕೊಟ್ಟು ಮರೆಯುವುದು ಸುಲಭ, ಕೊಟ್ಟು ಜೊತೆಯಲ್ಲಿ ಬಾಳುವುದು ಕಷ್ಟ.

ಈ ವಿಚಾರ ನಮ್ಮ ಮನಸ್ಸನ್ನು ಹೊಕ್ಕುದು ಒಂದು ಗೃಹಪ್ರವೇಶದ ದಿನ. ಬೆಂಗಳೂರಿನ ಹೊರವಲಯದ ಬಡಾವಣೆಯೊಂದರಲ್ಲಿ ಮಠದ ಹಳೆಯ ವಿದ್ಯಾರ್ಥಿಯೊಬ್ಬರು ಮನೆಯನ್ನು ಕಟ್ಟಿಸಿದ್ದರು. ಪೂಜೆ, ಪ್ರಸಾದ ಎಲ್ಲವೂ ಸಾಂಗವಾಗಿ ಮುಗಿದವು. ಹೊರಡುವ ಸಮಯದಲ್ಲಿ ಮನೆಯ ಹಿಂಬದಿಗೆ ಹೋದಾಗ ವಯಸ್ಸಾದ ಗಾರೆಯಾಳೊಬ್ಬ, ಅವನ ಹೆಂಡತಿ, ಮಗ, ಸೊಸೆ, ಎರಡು ಪುಟ್ಟ ಮಕ್ಕಳು ಪಾತ್ರೆ ಪಗಡೆಗಳನ್ನು ಚೀಲಕ್ಕೆ ತುಂಬುತ್ತಿದ್ದುದು ಕಣ್ಣಿಗೆ ಬಿತ್ತು. "ಯಾವ ಊರಪ್ಪಾ?" ಎಂದು ವಿಚಾರಿಸಿದೆವು.

"ಯಾದಗಿರಿ ಕಡೆ ಅದೀವ್ರಿ ಅಪ್ಪಾರ" ಎಂದು ಆತ ಕೈಮುಗಿದ.

"ಈಗ ಎಲ್ಲಿಗೆ ಹೊರಟಿದ್ದೀರಿ?"

"ಮನಿ ಕಟ್ಟೂತನಕ ನಾವ ಒಳಗ ಇರ್ತೀವ್ರಿ. ಬಾಗಲಕ್ಕ ಬಣ್ಣ ಬಿತ್ತಂದ್ರ ನಮ್ಮ ಗಂಟು ಕಟ್ಟೂ ಹೊತ್ತು ಬಂತಂತ ತಿಳ್ಕೊಬೇಕ್ರಿ. ಮುಂದಿನ ಮನಿದು ಇನ್ನೂ ಪಾಯಾ ತೋಡಿಲ್ಲಂತ. ಅಲ್ಲೀತನಕ ಎಲ್ಲ್ಯರ ರೋಡಿನ ಬಾಜೂಕ ತಗಡು ಹಾಕ್ಕೊಂಡು ಇರ್ತೀವ್ರಿ."

ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾಯಿತೆಂದೂ, ಕಟ್ಟಿದ ಮನೆಗಳ ಲೆಕ್ಕವನ್ನು ತಾನು ಇಟ್ಟಿಲ್ಲವೆಂದೂ ಆತ ಹೇಳಿದ. ಅವನ ಮಾತಿನಲ್ಲಿ ದೂರಿರಲಿಲ್ಲ. ಮಳೆಗಾಲ ಬೇಸಗೆಗಳ ವಿಷಯವನ್ನು ಹೇಳುವಂತೆ ಹೇಳಿದ. ಮನೆಯ ಯಜಮಾನರು ಅವನಿಗೆ ಕೂಲಿಯನ್ನು ಬಾಕಿಯಿಲ್ಲದೆ ಕೊಟ್ಟಿದ್ದರು, ಅಂದು ಹೊಸ ಬಟ್ಟೆಯನ್ನೂ ಕೊಟ್ಟಿದ್ದರು. ಲೋಕದ ಲೆಕ್ಕದಲ್ಲಿ ಯಾರೂ ಯಾರಿಗೂ ಬಾಕಿ ಉಳಿದಿರಲಿಲ್ಲ. ಆದರೂ ನಮ್ಮ ಮನಸ್ಸಿನಲ್ಲಿ ಬಾಕಿಯ ಭಾವವೊಂದು ಉಳಿಯಿತು. ಮನೆಯನ್ನು ಕಟ್ಟಿದವನಿಗೆ ಮನೆ ಇಲ್ಲ ಎಂಬುದು ಕೇವಲ ದುರದೃಷ್ಟವೋ, ಅಥವಾ ನಮ್ಮೆಲ್ಲರ ಮೇಲಿರುವ ಒಂದು ಋಣವೋ? ಬಡವನಿಗೆ ಸೂರು ಒದಗಿಸುವುದು ದಾನವಾಗಿದ್ದರೆ ಕೊಟ್ಟವನು ಪುಣ್ಯವಂತ, ಕೊಡದವನು ನಿರಪರಾಧಿ. ಅದು ಋಣವಾಗಿದ್ದರೆ ಕೊಡದೆ ಇದ್ದವನು ಅಪರಾಧಿಯಾಗುತ್ತಾನೆ. ಈ ಭೇದ ಸಣ್ಣದಲ್ಲ.

ನಮ್ಮ ಪ್ರಾಚೀನರು ಋಣತ್ರಯವನ್ನು ಹೇಳಿದ್ದಾರೆಂಬುದು ಎಲ್ಲರಿಗೂ ತಿಳಿದ ಸಂಗತಿ. ದೇವಋಣ, ಋಷಿಋಣ, ಪಿತೃಋಣ ಇವೇ ಆ ಮೂರು. ಆದರೆ ಶತಪಥ ಬ್ರಾಹ್ಮಣವು ನಾಲ್ಕನೆಯದೊಂದನ್ನು ಹೇಳುತ್ತದೆ, ಅದು ಮನುಷ್ಯಋಣ. ಹುಟ್ಟಿದವನು ಸಹಮಾನವರಿಗೆ ಸಾಲಗಾರನಾಗಿಯೇ ಹುಟ್ಟುತ್ತಾನೆ. ಆ ಸಾಲವನ್ನು ತೀರಿಸುವ ಬಗೆಯನ್ನೂ ಆ ಗ್ರಂಥ ಹೇಳಿದೆ. ಮನುಷ್ಯರಿಗೆ ವಾಸವನ್ನು ಕಲ್ಪಿಸುವುದು, ಅಶನವನ್ನು ನೀಡುವುದು. ಇಲ್ಲಿ ವಾಸದ ಮಾತು ಮೊದಲು, ಅನ್ನದ ಮಾತು ಅನಂತರ ಬಂದಿದೆ. ಅಲ್ಲಿಯ ಪ್ರಸಂಗ ಅತಿಥಿಸತ್ಕಾರದ್ದೆಂಬುದು ನಿಜ. ಆದರೆ ಅದರೊಳಗಿನ ತತ್ತ್ವ ಅತಿಥಿಗೆ ಮಾತ್ರ ಸೀಮಿತವಾಗಬೇಕಾಗಿಲ್ಲ. ಅಶನದ ಭಾಗವನ್ನು ನಮ್ಮ ಸಮಾಜ ತಕ್ಕಮಟ್ಟಿಗೆ ನಡೆಸಿಕೊಂಡು ಬಂದಿದೆ. ವಾಸದ ಭಾಗವನ್ನು ಸರ್ಕಾರದ ತಲೆಗೆ ಕಟ್ಟಿ ಕೈತೊಳೆದುಕೊಂಡಿದೆ. ಆದುದರಿಂದ ಸರ್ಕಾರ ಏನು ಮಾಡಿದೆ, ಎಷ್ಟು ಮಾಡಿದೆ, ಎಲ್ಲಿ ಸೋತಿದೆ ಎಂಬುದನ್ನು ಮೊದಲು ನಿಷ್ಪಕ್ಷಪಾತವಾಗಿ ಪರಿಶೀಲಿಸೋಣ.

ಬೆಂಗಳೂರು ತನ್ನ ಜನರ ವಸತಿಯ ವಿಷಯವಾಗಿ ಎಚ್ಚೆತ್ತದ್ದು ದಯೆಯಿಂದ ಎನ್ನುವುದಕ್ಕಿಂತ ಭಯದಿಂದ ಎನ್ನಬೇಕು. 1898ರಲ್ಲಿ ಪ್ಲೇಗು ಮಾರಿ ಪೇಟೆಯ ಇಕ್ಕಟ್ಟಾದ ಓಣಿಗಳನ್ನು ಹೊಕ್ಕಿತು. ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಸಾವಿರಾರು ಜನ ಸತ್ತರು. ಆಗ ಅಗಲವಾದ ಬೀದಿಗಳುಳ್ಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಒಬ್ಬನ ಇಕ್ಕಟ್ಟು ಇನ್ನೊಬ್ಬನ ಮರಣಕ್ಕೆ ಕಾರಣವಾಗಬಲ್ಲುದೆಂಬ ಪಾಠವನ್ನು ಆ ಮಾರಿ ಕಲಿಸಿತು. ಆದರೆ ಹೊಸ ಬಡಾವಣೆಗಳಿಗೆ ಹೋದವರು ಹೋಗಲು ಶಕ್ತಿಯಿದ್ದವರು. ಶಕ್ತಿಯಿಲ್ಲದವರು ಹಳೆಯ ಓಣಿಯಲ್ಲಿಯೇ ಉಳಿದರು.

ಮುಂದೆ 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ, 1962ರ ಕಾಯಿದೆಯ ಮೂಲಕ ಗೃಹಮಂಡಳಿ, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದವು. ಕೊಳಗೇರಿಗಳಿಗಾಗಿ 1973ರಲ್ಲಿ ಪ್ರತ್ಯೇಕ ಕಾಯಿದೆಯಾಗಿ, ಅದರ ಮಂಡಳಿ 1975ರಲ್ಲಿ ಕೆಲಸವನ್ನು ಆರಂಭಿಸಿತು. ಆ ಮಂಡಳಿಯ ಹೆಸರಿನಲ್ಲಿ ಮೊದಲು ನಿರ್ಮೂಲನ ಎಂಬ ಶಬ್ದವಿತ್ತು, ಈಗ ಅಭಿವೃದ್ಧಿ ಎಂಬ ಶಬ್ದವಿದೆ. ಶಬ್ದ ಬದಲಾದುದು ಸಂತೋಷವೇ. 1951ರಲ್ಲಿ ಸುಮಾರು 8 ಲಕ್ಷವಿದ್ದ ನಗರದ ಜನಸಂಖ್ಯೆ 2011ರ ಜನಗಣತಿಯ ವೇಳೆಗೆ 84 ಲಕ್ಷವನ್ನು ದಾಟಿತು. ಅರವತ್ತು ವರ್ಷಗಳಲ್ಲಿ ಹತ್ತು ಪಟ್ಟು ಬೆಳೆದ ಊರಿಗೆ ಮನೆ ಒದಗಿಸುವುದು ಯಾವ ಆಡಳಿತಕ್ಕೂ ಸುಲಭವಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಈ ಸಂಸ್ಥೆಗಳ ಪೈಕಿ ಹೆಚ್ಚು ಹೆಸರಾದುದು ಮನೆಯನ್ನು ಕೊಟ್ಟದ್ದಕ್ಕಿಂತ ನಿವೇಶನವನ್ನು ಹಂಚಿದ್ದು. ನಿವೇಶನವೆಂದರೆ ಬರಿಯ ನೆಲ. ಅದರ ಕಂತು ಕಟ್ಟಿ, ಮೇಲೆ ಮನೆಯೆಬ್ಬಿಸುವ ತಾಕತ್ತು ಗಾರೆಯಾಳಿಗೆ ಎಲ್ಲಿಂದ ಬರಬೇಕು?

ಇನ್ನು ಗುರಿಗಳ ವಿಷಯ. 2012ರಲ್ಲಿ ಕೇಂದ್ರ ಸರ್ಕಾರದ ತಜ್ಞರ ತಂಡವೊಂದು ದೇಶದ ನಗರಗಳಲ್ಲಿ 1.878 ಕೋಟಿ ಮನೆಗಳ ಕೊರತೆಯಿದೆಯೆಂದು ಅಂದಾಜು ಮಾಡಿತು. ಆ ಕೊರತೆಯಲ್ಲಿ ಶೇಕಡ 95ಕ್ಕಿಂತ ಹೆಚ್ಚು ಪಾಲು ಕಡುಬಡವರದು ಹಾಗೂ ಅಲ್ಪ ಆದಾಯದವರದು. ಇವರೆಲ್ಲ ಬೀದಿಯಲ್ಲಿ ಮಲಗುವವರೆಂದು ಭಾವಿಸಬೇಕಾಗಿಲ್ಲ. ಸುಮಾರು 1.5 ಕೋಟಿ ಕುಟುಂಬಗಳದು ಇಕ್ಕಟ್ಟಿನ ಕಷ್ಟ, ಮದುವೆಯಾದ ಮಗನಿಗೂ ಸೊಸೆಗೂ ಪ್ರತ್ಯೇಕ ಕೋಣೆಯಿಲ್ಲದ ಕಷ್ಟ. 2015ರ ಜೂನ್ 25ರಂದು ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ 2022ರೊಳಗೆ ಎಲ್ಲರಿಗೂ ಸೂರು ಎಂಬ ಗುರಿಯನ್ನು ಘೋಷಿಸಿತು. ಸುಮಾರು 1.18 ಕೋಟಿ ಮನೆಗಳಿಗೆ ಮಂಜೂರಾತಿ ದೊರೆಯಿತು. ಗುರಿಯ ವರ್ಷ ಕಳೆಯಿತು, ಅವಧಿ ವಿಸ್ತರಣೆಯಾಯಿತು, 2024ರ ಮಧ್ಯದ ವೇಳೆಗೆ 80 ಲಕ್ಷಕ್ಕೂ ಹೆಚ್ಚು ಮನೆಗಳು ಪೂರ್ಣಗೊಂಡವು. 2024ರ ಸೆಪ್ಟೆಂಬರಿನಲ್ಲಿ ಇನ್ನೂ ಒಂದು ಕೋಟಿ ಕುಟುಂಬಗಳ ಗುರಿಯೊಂದಿಗೆ ಯೋಜನೆಯ ಎರಡನೆಯ ಹಂತ ಮೊದಲಾಯಿತು. ಇಷ್ಟು ಮನೆಗಳಾದುದು ಅಲ್ಪ ಸಾಧನೆಯಲ್ಲ. ಅದನ್ನು ಹಗುರಾಗಿ ನುಡಿಯುವುದು ಅನ್ಯಾಯ.

ಆದರೆ ಆ ಲೆಕ್ಕದ ಒಳಗೆ ಇನ್ನೊಂದು ಲೆಕ್ಕವಿದೆ. ಮಂಜೂರಾದ ಮನೆಗಳಲ್ಲಿ ಶೇಕಡ 60ಕ್ಕಿಂತ ಹೆಚ್ಚಿನವು ಸ್ವಂತ ಜಾಗವಿದ್ದವರು ಸಹಾಯಧನ ಪಡೆದು ತಾವೇ ಕಟ್ಟಿಕೊಳ್ಳತಕ್ಕವು. ಕೊಳಗೇರಿಯವರಿಗೆ ಅವರಿರುವ ಜಾಗದಲ್ಲಿಯೇ ಹೊಸ ಮನೆ ಕಟ್ಟಿಕೊಡುವ ವಿಭಾಗದ ಪಾಲು ಶೇಕಡ 3ಕ್ಕಿಂತ ಕಡಿಮೆ. ಎಂದರೆ ಕಾಲ ಕೆಳಗೆ ನೆಲವಿದ್ದವನಿಗೆ ತಲೆಯ ಮೇಲೆ ಸೂರು ಬಂತು. ನೆಲವೇ ಇಲ್ಲದವನು ಬಹುಮಟ್ಟಿಗೆ ಇದ್ದಲ್ಲಿಯೇ ಉಳಿದ. ಸಣ್ಣ ಊರುಗಳಲ್ಲಿ ಬಡವನಿಗೂ ಗೇಣು ಜಾಗವಿರುವುದುಂಟು. ಬೆಂಗಳೂರಿನಂತಹ ನಗರದಲ್ಲಿ ಅದು ಕನಸಿನ ಮಾತು. ರಾಜ್ಯ ಸರ್ಕಾರ 2017ರ ಸುಮಾರಿಗೆ ಬೆಂಗಳೂರಿನ ಬಡವರಿಗಾಗಿ ಒಂದು ಲಕ್ಷ ಬಹುಮಹಡಿ ಮನೆಗಳ ಯೋಜನೆಯನ್ನು ಕೈಗೊಂಡಿತು. ಅದಕ್ಕೆ ಭೂಮಿ ದೊರೆತದ್ದು ಹೆಚ್ಚಾಗಿ ನಗರದ ಅಂಚಿನ ಹಳ್ಳಿಗಳಲ್ಲಿ. ಕೆಲಸ ವರ್ಷಗಟ್ಟಲೆ ಎಳೆಯಿತು. ಹಣಕ್ಕಿಂತ ಮೊದಲು ಕೊರತೆಯಾದುದು ನೆಲ.

ಗುರಿ ಮುಟ್ಟಿದಲ್ಲಿಯೂ ಸಂಖ್ಯೆ ನಮ್ಮನ್ನು ಮೋಸಗೊಳಿಸಬಲ್ಲುದು. 2020ರ ಕೊರೋನಾ ಸಂಕಟದಲ್ಲಿ ನಗರಗಳನ್ನು ಕಟ್ಟಿದ ಕೂಲಿಕಾರರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ನೂರಾರು ಮೈಲಿ ನಡೆದು ಊರು ಸೇರಿದ್ದನ್ನು ನಾವೆಲ್ಲರೂ ಕಂಡೆವು. ಕೂಲಿ ನಿಂತೊಡನೆ ಅವರ ವಾಸವೂ ನಿಂತಿತ್ತು. ಅನಂತರ ಕೇಂದ್ರ ಸರ್ಕಾರ ವಲಸೆ ಕೂಲಿಕಾರರಿಗೆ ಬಾಡಿಗೆ ಮನೆಗಳನ್ನು ಒದಗಿಸುವ ಯೋಜನೆಯನ್ನು ತಂದಿತು. ಆಗ ಬೆಳಕಿಗೆ ಬಂದ ಸಂಗತಿಯೊಂದು ವಿಚಾರಾರ್ಹ. ಹಿಂದಿನ ಯೋಜನೆಗಳಲ್ಲಿ ಬಡವರಿಗೆಂದೇ ಸರ್ಕಾರಿ ಹಣದಿಂದ ಕಟ್ಟಿದ 80,000ಕ್ಕೂ ಹೆಚ್ಚು ಮನೆಗಳು ದೇಶದ ನಾನಾ ನಗರಗಳಲ್ಲಿ ಖಾಲಿ ಬಿದ್ದಿದ್ದವು. ಊರ ಹೊರಗೆ, ನೀರಿಲ್ಲದೆ, ಬಸ್ಸಿಲ್ಲದೆ, ಕೆಲಸದ ಸ್ಥಳಕ್ಕೆ ಬಹುದೂರದಲ್ಲಿ ಕಟ್ಟಿದ ಮನೆ ಲೆಕ್ಕದ ಪುಸ್ತಕದಲ್ಲಿ ಮನೆಯೇ ಹೊರತು ಬದುಕಿನಲ್ಲಿ ಮನೆಯಲ್ಲ. ಮನೆಗೆಲಸಕ್ಕೆ ಹೋಗುವ ತಾಯಿ ನಸುಕಿನಲ್ಲಿ ಎರಡು ಬಸ್ಸು ಬದಲಿಸಿ ನಗರಕ್ಕೆ ಬರಬೇಕಾದರೆ ಅವಳ ಕೂಲಿಯ ಒಂದು ಪಾಲು ಟಿಕೆಟ್ಟಿಗೆ ಹೋಗುತ್ತದೆ, ಮಕ್ಕಳು ಬೀದಿಯ ಪಾಲಾಗುತ್ತಾರೆ. ಕಾಯಕದಿಂದ ಬೇರ್ಪಟ್ಟ ಸೂರು ಸೂರಾಗದು.

ಈ ನಗರದಲ್ಲಿಯೇ ನಡೆದ ಇನ್ನೊಂದು ಘಟನೆಯನ್ನು ನೆನೆಯಬೇಕು. ಕೋರಮಂಗಲದ ಬಳಿಯ ಈಜಿಪುರದಲ್ಲಿ ನಗರಪಾಲಿಕೆ ಬಡವರಿಗಾಗಿ ಕಟ್ಟಿದ ವಸತಿ ಸಮುಚ್ಚಯವಿತ್ತು. ಕೆಲಸ ಕಳಪೆಯಾಗಿ ಕಟ್ಟಡಗಳು ಬಹುಬೇಗ ಶಿಥಿಲವಾದವು, ಕುಸಿದವು. ನಿವಾಸಿಗಳು ತಗಡಿನ ಜೋಪಡಿಗಳಲ್ಲಿ ದಿನ ನೂಕಿದರು. ಅಷ್ಟರಲ್ಲಿ ಕೋರಮಂಗಲ ಶ್ರೀಮಂತರ ಬಡಾವಣೆಯಾಗಿ ಬೆಳೆದು ಆ ನೆಲಕ್ಕೆ ಬಂಗಾರದ ಬೆಲೆ ಬಂದಿತ್ತು. ಸುಮಾರು 15 ಎಕರೆಯ ಆ ಜಾಗದಲ್ಲಿ ಒಂದು ಭಾಗವನ್ನು ವಾಣಿಜ್ಯ ಮಳಿಗೆಗಳಿಗೆ ಬಿಟ್ಟು ಉಳಿದ ಭಾಗದಲ್ಲಿ ಬಡವರಿಗೆ ಮನೆ ಕಟ್ಟುವ ಒಪ್ಪಂದವಾಯಿತು. 2013ರ ಜನವರಿಯಲ್ಲಿ ಬುಲ್ಡೋಜರುಗಳು ಬಂದವು. ಸುಮಾರು 1,500 ಕುಟುಂಬಗಳು ನೆಲೆ ಕಳೆದುಕೊಂಡವು. ಅನೇಕರು ಅದೇ ಆವರಣದ ಬೇಲಿಯ ಹೊರಗೆ ರಸ್ತೆಯ ಬದಿಯಲ್ಲಿ ಬಹುಕಾಲ ಕಳೆದರು. ಒಮ್ಮೆ ಗುರಿ ಮುಟ್ಟಿದ ಲೆಕ್ಕಕ್ಕೆ ಸೇರಿದ್ದ ಮನೆಗಳೇ ಇವು. ಕಟ್ಟಿದ್ದು ಲೆಕ್ಕಕ್ಕೆ ಬಂದಂತೆ ಕಳೆದದ್ದು ಲೆಕ್ಕಕ್ಕೆ ಬರುವುದಿಲ್ಲ.

ನ್ಯಾಯದೇಗುಲವೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದೆ. ಮುಂಬಯಿಯ ಪಾದಚಾರಿ ಮಾರ್ಗಗಳ ಮೇಲೆ ಬಾಳುತ್ತಿದ್ದವರನ್ನು 1981ರಲ್ಲಿ ಎಬ್ಬಿಸಿದಾಗ ಹೂಡಿದ ಓಲ್ಗಾ ಟೆಲ್ಲಿಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ತೀರ್ಪು ನೀಡಿತು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆಯೆಂದು ಹೇಳಿತಾದರೂ, ಕ್ರಮಬದ್ಧವಾಗಿ ತೆರವುಗೊಳಿಸುವುದನ್ನು ತಡೆಯಲಿಲ್ಲ. 1996ರ ಚಮೇಲಿ ಸಿಂಗ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಆಶ್ರಯವೆಂದರೆ ತಲೆಯ ಮೇಲಿನ ಚಪ್ಪರ ಮಾತ್ರವಲ್ಲ, ಸಾಕಷ್ಟು ಸ್ಥಳ, ಭದ್ರವಾದ ಕಟ್ಟಡ, ಬೆಳಕು, ಗಾಳಿ, ನೀರು, ನೈರ್ಮಲ್ಯ, ರಸ್ತೆ ಇವೆಲ್ಲವೂ ಅದರಲ್ಲಿ ಅಡಕವಾಗಿವೆ ಎಂಬುದು ಅದರ ಅಭಿಪ್ರಾಯ. ತತ್ತ್ವದಲ್ಲಿ ಕಾನೂನು ಋಣವನ್ನು ಒಪ್ಪಿಕೊಂಡಿದೆ. ತೀರಿಸುವವರು ಯಾರೆಂಬುದು ಮಾತ್ರ ಉಳಿದಿರುವ ಪ್ರಶ್ನೆ.

ಇಲ್ಲಿ ಕೆಲವು ಆಕ್ಷೇಪಗಳು ಬರುತ್ತವೆ. ಅವು ಸಜ್ಜನರ ಬಾಯಿಂದಲೇ ಬರುವುದರಿಂದ ಉಪೇಕ್ಷಿಸತಕ್ಕವಲ್ಲ. "ಸರ್ಕಾರ ಕೊಟ್ಟ ಮನೆಯನ್ನು ಬಡವರು ಮಾರಿಕೊಂಡು ಮತ್ತೆ ಗುಡಿಸಲಿಗೇ ಹೋಗುತ್ತಾರೆ, ಅವರಿಗೆ ಕೊಟ್ಟು ಫಲವೇನು?" ಎಂಬುದು ಮೊದಲನೆಯದು. ಹೀಗೆ ಆಗುವುದುಂಟು. ಆದರೆ ಏಕೆ ಆಗುತ್ತದೆ? ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ ಬಡವನ ಕೈಯಲ್ಲಿರುವ ಏಕೈಕ ಸೊತ್ತು ಆ ಮನೆ. ಅಥವಾ ಆ ಮನೆ ಅವನ ಕೂಲಿಯಿಂದ ಬಹುದೂರ. ಇದಲ್ಲದೆ, ಹಂಚಿಕೆಯ ನಿವೇಶನವನ್ನು ಅವಧಿ ಮುಗಿದೊಡನೆ ಲಾಭಕ್ಕೆ ಮಾರುವ ಅನುಕೂಲಸ್ಥನನ್ನು ನಾವು ಜಾಣನೆಂದು ಹೊಗಳುತ್ತೇವೆ. ಒಂದೇ ಕೆಲಸ ಉಳ್ಳವನಲ್ಲಿ ಜಾಣ್ಮೆಯೂ ಇಲ್ಲದವನಲ್ಲಿ ಕೃತಘ್ನತೆಯೂ ಆಗುವುದು ಯಾವ ನ್ಯಾಯ?

"ಬಂದವರಿಗೆಲ್ಲ ಮನೆ ಕೊಡುತ್ತ ಹೋದರೆ ನಗರ ತಾಳೀತೇ?" ಎಂಬುದು ಎರಡನೆಯದು. ಹಳ್ಳಿಗಳನ್ನು ಉಳಿಸಬೇಕು, ಯಾದಗಿರಿಯಲ್ಲಿಯೇ ಯಾದಗಿರಿಯವನಿಗೆ ಅನ್ನ ಹುಟ್ಟಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಗರ ಅವನನ್ನು ಕರೆಯಲಿಲ್ಲವೆಂಬುದು ಸುಳ್ಳು. ನಮ್ಮ ಮೆಟ್ರೋ ರೈಲಿಗೆ, ನಮ್ಮ ಗಗನಚುಂಬಿಗಳಿಗೆ, ನಮ್ಮ ಅಡುಗೆಮನೆಗೆ, ನಮ್ಮ ಬೀದಿಯ ಕಸಕ್ಕೆ ಅವನ ಕೈಗಳು ಬೇಕು. ಕೈಗಳನ್ನು ಕರೆದು, ಆ ಕೈಗಳಿಗೆ ಅಂಟಿಕೊಂಡು ಬರುವ ಮನುಷ್ಯನನ್ನು ಬೇಡವೆನ್ನುವುದು ಸಾಧ್ಯವಿಲ್ಲ.

"ನಾವು ದುಡಿದು ಗಳಿಸಿದ ಆಸ್ತಿ, ಅದರ ಮೇಲೆ ಅನ್ಯರಿಗೇನು ಋಣ?" ಎಂಬುದು ಮೂರನೆಯದು. ಇದೇ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ದುಡಿಮೆಯಿಂದ ಬಂದುದಕ್ಕೆ ಗೌರವ ಸಲ್ಲಲೇಬೇಕು. ಆದರೆ ನಗರದ ನೆಲದ ಬೆಲೆ ಏರಿದ್ದು ಯಾರ ದುಡಿಮೆಯಿಂದ? ಮೂವತ್ತು ವರ್ಷಗಳ ಹಿಂದೆ ಕೊಂಡ ನಿವೇಶನ ಇಂದು ಎಷ್ಟೋ ಪಟ್ಟು ಬೆಲೆಬಾಳುತ್ತದೆಂದರೆ ಆ ಅವಧಿಯಲ್ಲಿ ಯಜಮಾನನು ಅಲ್ಲಿ ಒಂದು ಕಲ್ಲನ್ನೂ ಎತ್ತಿ ಇಟ್ಟಿರಲಿಕ್ಕಿಲ್ಲ. ರಸ್ತೆ ಬಂತು, ನೀರು ಬಂತು, ಸುತ್ತಲೂ ಮನೆಗಳೆದ್ದವು, ಊರು ಬೆಳೆಯಿತು. ಅದನ್ನೆಲ್ಲ ಮಾಡಿದವರು ಸಾವಿರಾರು ಜನ, ಅವರಲ್ಲಿ ನಮ್ಮ ಗಾರೆಯಾಳೂ ಒಬ್ಬ. ಅವನು ಬೆವರು ಸುರಿಸಿ ಊರನ್ನು ಬೆಳೆಸಿದಷ್ಟೂ ನೆಲದ ಬೆಲೆ ಏರುತ್ತದೆ. ಬೆಲೆ ಏರಿದಷ್ಟೂ ಆ ಊರು ಅವನಿಗೆ ದೂರವಾಗುತ್ತದೆ. ತನ್ನ ಶ್ರಮವೇ ತನ್ನನ್ನು ಹೊರಗೆ ತಳ್ಳುವ ಈ ವಿಪರ್ಯಾಸವೇ ನಾವು ಹೇಳುವ ಋಣದ ಬೇರು.

ಈ ಬೇರಿಗೇ ಕೈಹಾಕಿದ ಒಂದು ನಗರದ ಕಥೆಯನ್ನು ಇಲ್ಲಿ ಹೇಳುವುದು ಉಚಿತ. ಯುರೋಪಿನ ವಿಯೆನ್ನಾ ನಗರ ಮೊದಲನೆಯ ಮಹಾಯುದ್ಧದಲ್ಲಿ ಸೋತ ರಾಜ್ಯದ ರಾಜಧಾನಿ. ಯುದ್ಧಾನಂತರ ಅಲ್ಲಿ ಹಸಿವು, ಕ್ಷಯರೋಗ, ವಸತಿಯ ಹಾಹಾಕಾರ. 1923ರಲ್ಲಿ ಆ ನಗರಾಡಳಿತ ಐದು ವರ್ಷಗಳಲ್ಲಿ 25,000 ಮನೆಗಳನ್ನು ಕಟ್ಟುವ ಗುರಿಯನ್ನಿಟ್ಟು, ಮನೆಯುಳ್ಳವರ ಮೇಲೆಯೇ ವಸತಿ ತೆರಿಗೆಯನ್ನು ಹಾಕಿತು. ಸಣ್ಣ ಮನೆಗೆ ಅಲ್ಪ, ಬಂಗಲೆಗೆ ಬಹಳ ಎಂಬುದು ಅದರ ಕ್ರಮ. ಅವಧಿಗೆ ಮುನ್ನವೇ ಗುರಿ ಮುಟ್ಟಿತು, 1934ರ ವೇಳೆಗೆ 60,000ಕ್ಕೂ ಹೆಚ್ಚು ಮನೆಗಳಾದವು. 1930ರಲ್ಲಿ ಮುಗಿದ ಒಂದೇ ಸಮುಚ್ಚಯದಲ್ಲಿ ಸುಮಾರು 1,400 ಮನೆಗಳು, ಶಿಶುವಿಹಾರ, ಸ್ನಾನಗೃಹ, ಬಟ್ಟೆ ತೊಳೆಯುವ ಮನೆ, ಗ್ರಂಥಾಲಯ ಇದ್ದವು. ನೆಲದ ಬಹುಭಾಗವನ್ನು ಮಕ್ಕಳ ಆಟಕ್ಕೂ ಗಿಡಮರಗಳಿಗೂ ಬಿಟ್ಟಿದ್ದರು. ಆ ಮನೆಗಳನ್ನು ನಗರ ಮಾರಲಿಲ್ಲ, ಬಾಡಿಗೆಗೆ ಕೊಟ್ಟಿತು. ಇಂದಿಗೂ ಸುಮಾರು 2.2 ಲಕ್ಷ ಮನೆಗಳು ಆ ನಗರದ ಸ್ವತ್ತಾಗಿವೆ. ನಗರದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ನಗರದ ಮನೆಗಳಲ್ಲಿ ಅಥವಾ ಸಹಾಯಧನದಿಂದಾದ ಮನೆಗಳಲ್ಲಿ ಇದ್ದಾರೆ. ಅಲ್ಲಿಯೂ ದೋಷಗಳಿಲ್ಲದಿಲ್ಲ. ಹೊಸದಾಗಿ ಬಂದವರು ನಗರದ ಮನೆಗಾಗಿ ಕಾಯಬೇಕು. ಆದರೆ ಅಲ್ಲಿ ಮನೆ ಎಂಬುದು ಮೊದಲು ಆಶ್ರಯ, ಆಮೇಲೆ ಆಸ್ತಿ. ನಮ್ಮಲ್ಲಿ ಅದು ಮೊದಲು ಆಸ್ತಿ, ಆಶ್ರಯವಾದರೆ ಆಯಿತು ಇಲ್ಲವಾದರೆ ಇಲ್ಲ.

ನಮ್ಮಲ್ಲಿ ಹಾಗಾಗಿದೆಯೆಂಬುದಕ್ಕೆ 2011ರ ಜನಗಣತಿಯ ಒಂದು ಅಂಕಿಯೇ ಸಾಕ್ಷಿ. ಆ ವರ್ಷ ದೇಶದ ನಗರಗಳಲ್ಲಿ ಸುಮಾರು 1.11 ಕೋಟಿ ಮನೆಗಳು ಖಾಲಿಯಿದ್ದವು. ಒಂದು ಕಡೆ 1.878 ಕೋಟಿಯ ಕೊರತೆ, ಇನ್ನೊಂದು ಕಡೆ 1.11 ಕೋಟಿಯ ಬೀಗ. ಖಾಲಿ ಮನೆಗಳೆಲ್ಲ ಬಡವರಿಗೆ ತಕ್ಕವಲ್ಲ, ಅವನ್ನು ಕಿತ್ತು ಹಂಚಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಒಲೆ ಹೊತ್ತದ, ದೀಪ ಉರಿಯದ ಕೋಟಿ ಮನೆಗಳಿಗೆ ಇಟ್ಟಿಗೆ, ಸಿಮೆಂಟು, ನೆಲ ಎಲ್ಲವೂ ದೊರೆತವೆಂದಾದರೆ ಕೊರತೆಯಾದುದು ವಸ್ತುವಿನದಲ್ಲ, ಮನಸ್ಸಿನದು ಎಂಬ ತೀರ್ಮಾನ ತಪ್ಪದು.

ಈಗ ಸರ್ಕಾರವನ್ನು ಬಿಟ್ಟು ನಮ್ಮ ಕಡೆಗೆ ತಿರುಗೋಣ. ಈ ಪತ್ರಿಕೆಯನ್ನು ಓದುವವರಲ್ಲಿ ಬಹುಮಂದಿ ಮಠದ ಪ್ರಸಾದನಿಲಯದಲ್ಲಿದ್ದು ಓದಿದವರು. ಹಳ್ಳಿಯಿಂದ ಒಂದು ಟ್ರಂಕು ಹೊತ್ತು ಬಂದ ಹುಡುಗನಿಗೆ ಮಲಗಲು ಜಾಗ, ಉಣ್ಣಲು ಪ್ರಸಾದ ದೊರೆಯದಿದ್ದರೆ ಅವನ ಪದವಿ, ನೌಕರಿ, ಸ್ವಂತ ಮನೆ ಎಲ್ಲಿರುತ್ತಿದ್ದವು? ಆ ಚಾಪೆಯಷ್ಟು ಜಾಗ ಯಾರೋ ಕಾಣದ ಭಕ್ತನ ಕಾಣಿಕೆಯಿಂದ ಬಂದುದು. ನಗರದಲ್ಲಿ ಕಾಲೂರುವುದಕ್ಕೆ ಮೊದಲು ಒಂದು ಸೂರು ಬೇಕೆಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಆದುದರಿಂದಲೇ ನಾಲ್ಕು ಮಾತುಗಳನ್ನು ಸಲಿಗೆಯಿಂದ ಹೇಳುತ್ತೇವೆ.

ಪ್ರಾಧಿಕಾರದ ನಿವೇಶನ ನಗರದಲ್ಲಿ ಮನೆ ನಿವೇಶನಗಳಿಲ್ಲದವರಿಗೆಂದು ಇರತಕ್ಕದ್ದು. ತನಗೆ ಏನೂ ಇಲ್ಲವೆಂದು ಪ್ರಮಾಣಪತ್ರ ಬರೆದುಕೊಟ್ಟು ಎರಡನೆಯದನ್ನೋ ಮೂರನೆಯದನ್ನೋ ಪಡೆದವನು ಸರ್ಕಾರಕ್ಕೆ ಸುಳ್ಳು ಹೇಳಿದ್ದಲ್ಲದೆ ನಿಜವಾಗಿ ಇಲ್ಲದವನೊಬ್ಬನ ಸರದಿಯನ್ನು ಕದ್ದಿದ್ದಾನೆ. ಆ ಮನೆಯ ದೇವರಕೋಣೆಯಲ್ಲಿ ಎಷ್ಟು ಪೂಜೆ ನಡೆದರೂ ಆ ಕಳವು ತೊಳೆದುಹೋಗದು.

ಎರಡನೆಯದು ಬಾಡಿಗೆಯ ಮಾತು. ತಿಂಗಳಿಗೆ 15,000 ರೂಪಾಯಿ ದುಡಿಯುವ ಕುಟುಂಬ ಆದಾಯದ ಶೇಕಡ 30ನ್ನು ಬಾಡಿಗೆಗೆ ತೆಗೆದಿಟ್ಟರೆ 4,500 ರೂಪಾಯಿ ಆಗುತ್ತದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನಲ್ಲಿ ಬಹುಕಾಲದ ರೂಢಿ. ಆ ಕುಟುಂಬ 45,000 ರೂಪಾಯಿಯನ್ನು, ಎಂದರೆ ಮೂರು ತಿಂಗಳ ಸಂಪೂರ್ಣ ದುಡಿಮೆಯನ್ನು, ಒಮ್ಮೆಗೇ ಎಲ್ಲಿಂದ ತರಬೇಕು? ಎರಡು ತಿಂಗಳ ಮುಂಗಡದಲ್ಲಿ ಒಂದು ಕೋಣೆಯನ್ನು ಕೊಡುವ ಯಜಮಾನ ಸರ್ಕಾರದ ಯಾವ ಪಟ್ಟಿಯಲ್ಲಿಯೂ ಬರಲಾರ. ಆದರೆ ಗುರಿಯ ಕಡೆಗೆ ಒಂದು ಹೆಜ್ಜೆಯನ್ನು ಅವನು ಖಂಡಿತವಾಗಿ ಇಟ್ಟಿರುತ್ತಾನೆ.

ಮೂರನೆಯದನ್ನು ಹೇಳಲು ನಮಗೇ ಸಂಕೋಚ. ಮನೆ ಬಾಡಿಗೆಗಿದೆ ಎಂಬ ಫಲಕವನ್ನು ನೋಡಿ ಬಂದವನನ್ನು ಹೆಸರಿಗಿಂತ ಮೊದಲು "ನೀವು ಯಾವ ಜನ?" ಎಂದು ಕೇಳುವ ಬಾಗಿಲುಗಳು ನಮ್ಮ ಸಮಾಜದಲ್ಲಿಯೂ ಇವೆ. ಬಾಡಿಗೆ ಕೊಡುವ ಶಕ್ತಿಯಿದ್ದೂ ಜಾತಿಯ ಕಾರಣದಿಂದ ಹಿಂದಿರುಗಿದ ಅಧ್ಯಾಪಕರು, ಗುಮಾಸ್ತರು ನಮ್ಮ ಬಳಿ ಬಂದು ನೊಂದು ನುಡಿದದ್ದುಂಟು. ಗೋಡೆಯ ಮೇಲೆ ಬಸವಣ್ಣನವರ ಭಾವಚಿತ್ರ, ಬಾಗಿಲಲ್ಲಿ ಈ ಪ್ರಶ್ನೆ! ಇವೆರಡರಲ್ಲಿ ಒಂದನ್ನು ಇಳಿಸಲೇಬೇಕು. ಯಾವುದನ್ನು ಎಂಬುದನ್ನು ಮನೆಯವರೇ ನಿರ್ಧರಿಸಲಿ.

ನಾಲ್ಕನೆಯದು ನೆರೆಹೊರೆಯ ಮಾತು. ನಮ್ಮ ಬಡಾವಣೆಯ ಪಕ್ಕದಲ್ಲಿ ಬಡವರ ವಸತಿ ಬರುತ್ತದೆಂದಾಗ ಮನವಿಪತ್ರಕ್ಕೆ ರುಜು ಹಾಕಿ ವಿರೋಧಿಸುವವರು ಬಹುಮಟ್ಟಿಗೆ ವಿದ್ಯಾವಂತರೇ. ಬೆಳಗ್ಗೆ ಕೆಲಸಕ್ಕೆ ಬೇಕಾದವರು ರಾತ್ರಿ ನಿದ್ರೆಗೆ ಬೇಡ ಎಂಬ ಈ ಧೋರಣೆಯಿಂದಲೇ ಬಡವರ ಮನೆಗಳು ಊರಾಚೆಗೆ ಹೋಗುತ್ತವೆ, ಹೋಗಿ ಖಾಲಿ ಬೀಳುತ್ತವೆ.

ಭಕ್ತರಿಗೆ ಹೇಳಿ ಮಠ ತಾನು ತಪ್ಪಿಸಿಕೊಳ್ಳಬಾರದು. ನಗರಗಳಲ್ಲಿ ಮಠಗಳಿಗೂ ನಿವೇಶನಗಳಿವೆ, ಕಟ್ಟಡಗಳಿವೆ. ಅವುಗಳಲ್ಲಿ ಕೆಲವು ಸರ್ಕಾರದಿಂದ ರಿಯಾಯಿತಿ ದರದಲ್ಲಿ ಬಂದವು. ಕಲ್ಯಾಣಮಂಟಪ, ಮಳಿಗೆಗಳ ಬಾಡಿಗೆಯಿಂದ ವಿದ್ಯಾಸಂಸ್ಥೆಗಳು ನಡೆಯುತ್ತವೆ ಎಂಬ ಸಮಾಧಾನವನ್ನು ನಾವೂ ಹೇಳಿಕೊಳ್ಳುತ್ತ ಬಂದಿದ್ದೇವೆ. ಅದು ಸುಳ್ಳಲ್ಲ, ಆದರೆ ಪೂರ್ಣಸತ್ಯವೂ ಅಲ್ಲ. ಒಂದು ಕಲ್ಯಾಣಮಂಟಪದ ಪಕ್ಕದಲ್ಲಿ ಅದನ್ನು ಗುಡಿಸುವವರ ನಾಲ್ಕು ಮನೆಗಳಿಗೆ ಜಾಗವಿಲ್ಲದಷ್ಟು ನೆಲ ಕಿರಿದಾಗಿರುತ್ತದೆಯೇ? ದಾಸೋಹವೆಂದರೆ ಪಂಕ್ತಿಯಲ್ಲಿ ಬಡಿಸುವುದು ಮಾತ್ರವೆಂದು ನಾವು ತಿಳಿದುಕೊಂಡಿದ್ದರೆ ಅರ್ಧ ದಾರಿಯಲ್ಲಿಯೇ ನಿಂತಿದ್ದೇವೆಂದು ಅರ್ಥ. ಈ ಪ್ರಶ್ನೆಯನ್ನು ನಾವು ನಮಗೇ ಹಾಕಿಕೊಂಡಿದ್ದೇವೆ, ಉತ್ತರವನ್ನು ಕೃತಿಯಲ್ಲಿ ಕೊಡಬೇಕಾದ ಹೊಣೆ ನಮ್ಮ ಮೇಲಿದೆ.

ಇವಿಷ್ಟರಿಂದ ಕೋಟಿ ಮನೆಗಳ ಕೊರತೆ ನೀಗುವುದಿಲ್ಲ ಎಂಬುದು ನಮಗೆ ಗೊತ್ತಿದೆ. ನೆಲದ ಹಂಚಿಕೆ, ತೆರಿಗೆ, ಬಾಡಿಗೆ ಮನೆಗಳ ನಿರ್ಮಾಣ ಇವೆಲ್ಲ ರಾಜ್ಯಶಕ್ತಿಯಿಂದಲೇ ಆಗಬೇಕಾದ ಕೆಲಸಗಳು. ಆದರೆ ಮನೆಯುಳ್ಳವರ ಮನಸ್ಸು ಒಪ್ಪದ ತೆರಿಗೆಯನ್ನು ಯಾವ ಸರ್ಕಾರವೂ ಹಾಕಲಾರದು, ಮನೆಯುಳ್ಳವರು ಬಿಡದ ನೆಲದಲ್ಲಿ ಯಾವ ಮಂಡಳಿಯೂ ಕಟ್ಟಲಾರದು. ಗುರಿಯ ಪಟ್ಟಿ ಕಚೇರಿಯಲ್ಲಿರುತ್ತದೆ, ಗುರಿಗೆ ಅಡ್ಡವಾದ ಬಾಗಿಲು ನಮ್ಮ ಮನೆಯಲ್ಲಿರುತ್ತದೆ. ಋಣವೆಂದು ಒಪ್ಪಿಕೊಂಡವನು ಎಷ್ಟು ಕೊಟ್ಟೆನೆಂದು ಎಣಿಸುವುದಿಲ್ಲ, ಎಷ್ಟು ಉಳಿದಿದೆಯೆಂದು ಎಣಿಸುತ್ತಾನೆ. ನಗರವೂ ಹಾಗೆಯೇ ಎಣಿಸಲು ಕಲಿಯಬೇಕು.

ಆ ಗೃಹಪ್ರವೇಶದ ದಿನ ನಾವು ಹೊರಟುಬಂದ ಮೇಲೆ ಒಂದು ಸಂಗತಿ ನಡೆಯಿತು. ಅದನ್ನು ತಿಳಿಸಿದವರು ಮನೆಯ ಯಜಮಾನರ ತಾಯಿ. ಮೊಮ್ಮಕ್ಕಳೊಂದಿಗೆ ಚೀಲ ಹಿಡಿದು ಹೊರಟ ಗಾರೆಯಾಳಿನ ಹೆಂಡತಿಯನ್ನು ಆ ತಾಯಿ ತಡೆದು, ಮುಂದಿನ ಪಾಯ ತೋಡುವವರೆಗೆ ಮೇಲಿನ ಮಹಡಿಯ ಕೋಣೆಯಲ್ಲಿ ಇರಿ ಎಂದರಂತೆ. ಮಗನಿಗೆ ಮೊದಲು ಇರುಸುಮುರುಸಾಯಿತು, ಆಮೇಲೆ ಸುಮ್ಮನಾದನಂತೆ. ಅವರು ಇದ್ದದ್ದು ಹದಿನೇಳು ದಿನ. ಹದಿನೇಳು ದಿನದಿಂದ ಏನಾಯಿತೆಂದು ಯಾರಾದರೂ ಕೇಳಬಹುದು. ತಾನೇ ಕಟ್ಟಿದ ಮನೆಯಲ್ಲಿ, ಬಾಗಿಲಿಗೆ ಬಣ್ಣ ಬಿದ್ದ ಮೇಲೆಯೂ, ಒಬ್ಬ ಮನುಷ್ಯ ಮಲಗಿ ನಿದ್ರೆ ಮಾಡಿದ. ಇಪ್ಪತ್ತು ವರ್ಷಗಳಲ್ಲಿ ಅದು ಅವನಿಗೆ ಮೊದಲ ಸಲವಾಗಿದ್ದೀತು. ಬಾಕಿ ತೀರಲಿಲ್ಲ. ಆದರೆ ಬಾಕಿಯಿದೆಯೆಂಬುದನ್ನು ಒಂದು ಮನೆ ಒಪ್ಪಿಕೊಂಡಿತು. ಓದುಗರ ಮನೆಗಳೂ ಒಪ್ಪಿಕೊಳ್ಳಲಿ ಎಂದು ಹಾರೈಸುತ್ತೇವೆ.